ಶೇಂಗಾ, ಗೋಡಂಬಿ ಅಲರ್ಜಿ ಇರುವ ಮಗಳೊಂದಿಗೆ ಯುರೋಪ್: ‘ಭಾರತೀಯ ಊಟ ಸಹಿತ’ ಗುಂಪು ಪ್ರವಾಸವನ್ನು ನಂಬಬಹುದೇ?

ಕುಕ್ಕರಹಳ್ಳಿ ಕೆರೆ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ, ತೂಕ 26 ಕಿಲೋ. ಅವಳಿಗೆ ಶೇಂಗಾ, ಗೋಡಂಬಿ ಎರಡೂ ಆಗುವುದಿಲ್ಲ. ಬರೀ ತುರಿಕೆ, ದದ್ದುಗಳ ಮಟ್ಟದ್ದಲ್ಲ. ಮದುವೆಮನೆಯೊಂದರಲ್ಲಿ ಪಾಯಸದ ಗೋಡಂಬಿ ಚೂರು ಬಾಯಿಗೆ ಹೋಗಿ ತುಟಿ ಊದಿಕೊಂಡು, ವಾಂತಿಯಾಗಿ, ಉಸಿರು ಕಟ್ಟಿ ಆಸ್ಪತ್ರೆಯ ತುರ್ತು ಘಟಕದಲ್ಲಿ ರಾತ್ರಿ ಕಳೆದಿದ್ದೇವೆ. ವೈದ್ಯರು ಚೀಟಿಯಲ್ಲಿ ‘ಅನಾಫಿಲಾಕ್ಸಿಸ್’, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿಯ ಹೊಡೆತ, ಎಂದು ಬರೆದಿದ್ದಾರೆ.

ತಂಗಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಬೇಸಿಗೆ ರಜೆಗೆ ಅವಳ ಮನೆಗೆ ಹೋಗಿ, ಅಲ್ಲಿಂದ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ ಬೆಂಗಳೂರಿನ ಕಂಪನಿಯೊಂದರ ಗುಂಪು ಪ್ರವಾಸವನ್ನು ಸೇರಿಕೊಳ್ಳುವ ಯೋಚನೆ. ದಿನವೂ ಭಾರತೀಯ ಊಟ, ಅದರಲ್ಲೂ ಶುದ್ಧ ಸಸ್ಯಾಹಾರ ಸಿಗುತ್ತದೆ ಎಂದು ಅವರ ಕರಪತ್ರದಲ್ಲಿದೆ. ಅತ್ತೆಯವರಿಗೂ ಯಜಮಾನರಿಗೂ ಅದೇ ದೊಡ್ಡ ಸಮಾಧಾನ. ನನಗೆ ಮಾತ್ರ ಭಯ. ವಿಮಾನದಲ್ಲಿ ಪಕ್ಕದವರು ಶೇಂಗಾ ತಿಂದರೆ ಏನು ಮಾಡುವುದು? ಭಾಷೆ ಬಾರದ ಊರಿನಲ್ಲಿ ಅಡುಗೆಯವರಿಗೆ ಹೇಗೆ ಹೇಳುವುದು? ಇಂಜೆಕ್ಷನ್ ಒಯ್ಯಲು ಬಿಡುತ್ತಾರೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ನೆಕ್ಕಾರ್ ದಂಡೆ:
ಮೇಡಂ, ನಾನು ಅದೇ ಊರಿನಲ್ಲಿದ್ದೇನೆ. ನನಗೆ ಗೋಡಂಬಿ, ಪಿಸ್ತಾ, ಅಕ್ರೋಟು ಆಗುವುದಿಲ್ಲ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜರ್ಮನಿಯಲ್ಲಿ ನಾನು ಅತಿ ಹೆಚ್ಚು ಹೆದರುವುದು ಭಾರತೀಯ ಹೋಟೆಲಿಗೆ. ನಿಮ್ಮ ಮನೆಯವರು ಯಾವುದನ್ನು ಸಮಾಧಾನ ಎಂದುಕೊಂಡಿದ್ದಾರೋ ಅಪಾಯ ಇರುವುದೇ ಅಲ್ಲಿ.

ಐರೋಪ್ಯ ಒಕ್ಕೂಟದಲ್ಲಿ 1169/2011 ಎಂಬ ನಿಯಮವಿದೆ. 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹದಿನಾಲ್ಕು ಅಲರ್ಜಿಕಾರಕಗಳನ್ನು ಅದು ಹೆಸರಿಸುತ್ತದೆ. ಶೇಂಗಾ ಬೇರೆ, ಗೋಡಂಬಿ–ಬಾದಾಮಿಯಂಥ ಮರಬೀಜಗಳು ಬೇರೆ. ಎಳ್ಳು, ಸಾಸಿವೆ, ಸೆಲೆರಿ, ಲುಪಿನ್ ಎಂಬ ಕಾಳು ಕೂಡ ಪಟ್ಟಿಯಲ್ಲಿವೆ. ಅಂಗಡಿಯ ಪೊಟ್ಟಣದಲ್ಲಿ ಪದಾರ್ಥಗಳ ಸಾಲಿನೊಳಗೇ ಇವುಗಳ ಹೆಸರು ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣುವಂತೆ ಇರಬೇಕು. ಹೋಟೆಲು, ಬೇಕರಿ, ಶಾಲೆಯ ಕ್ಯಾಂಟೀನು ಕೂಡ ಕೇಳಿದವರಿಗೆ ಮಾಹಿತಿ ಕೊಡಲೇಬೇಕು. ಜರ್ಮನಿಯ ಮೆನುವಿನಲ್ಲಿ ತಿನಿಸಿನ ಹೆಸರಿನ ಪಕ್ಕ ಸಣ್ಣ ಅಕ್ಷರಗಳನ್ನೋ ಅಂಕಿಗಳನ್ನೋ ನೋಡುತ್ತೀರಿ, ಅವುಗಳ ಅರ್ಥ ಕೊನೆಯ ಪುಟದಲ್ಲಿರುತ್ತದೆ. ಒಂದು ಹೋಟೆಲಿನ ಸಂಕೇತ ಇನ್ನೊಂದರಲ್ಲಿ ಅದೇ ಅರ್ಥ ಕೊಡುವುದಿಲ್ಲ, ಪ್ರತಿ ಸಲವೂ ಕೊನೆಯ ಪುಟ ನೋಡಲೇಬೇಕು. ಮೆನುವಿನಲ್ಲಿ ಇಲ್ಲದಿದ್ದರೆ ಪ್ರತ್ಯೇಕ ಕಡತ ಇಟ್ಟಿರುತ್ತಾರೆ, ಕೇಳಿದರೆ ತಂದುಕೊಡುತ್ತಾರೆ.

ಕಾನೂನು ಭಾರತೀಯ ಹೋಟೆಲಿಗೂ ಅದೇ. ಆದರೆ ಮಾಣಿ ನಗುತ್ತಾ ‘ಏನೂ ಆಗುವುದಿಲ್ಲ ಸರ್, ಸ್ವಲ್ಪವೇ ಹಾಕಿದ್ದೇವೆ’ ಎಂದದ್ದನ್ನು ನಾನು ಕೇಳಿರುವುದು ನಮ್ಮವರ ಹೋಟೆಲುಗಳಲ್ಲಿ ಮಾತ್ರ.

ಪುತ್ತೂರು ಗುಡ್ಡೆ:
ನಮ್ಮವರನ್ನು ಹಳಿಯುವುದೇ ಒಂದು ಹವ್ಯಾಸವಾಗಿಬಿಟ್ಟಿದೆ. ನನ್ನ ಭಾವ ಮ್ಯೂನಿಕ್‌ನಲ್ಲಿ ಹೋಟೆಲು ನಡೆಸುತ್ತಾರೆ. ಅಲರ್ಜಿ ಎಂದು ಗಿರಾಕಿ ಹೇಳಿದರೆ ಅವರೇ ಅಡುಗೆಮನೆಗೆ ಹೋಗಿ ನಿಂತು ಮಾಡಿಸುತ್ತಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬಸ್ಸಿನ ಮುಂದಿನ ಸೀಟು:
ಪುತ್ತೂರಿನವರೇ, ನಿಮ್ಮ ಭಾವನಂಥವರು ಇದ್ದಾರೆ, ಒಪ್ಪಿದೆ. ಆದರೆ ಈ ಮೇಡಂ ಕೇಳುತ್ತಿರುವುದು ಗುಂಪು ಪ್ರವಾಸದ ಊಟದ ಬಗ್ಗೆ. ನಾನು ಯುರೋಪ್ ಗುಂಪುಗಳಿಗೆ ಟೂರ್ ಮ್ಯಾನೇಜರ್ ಆಗಿದ್ದವನು, ಈಗ ನಿವೃತ್ತ. ಒಳಗಿನ ವಿಷಯ ಹೇಳುತ್ತೇನೆ.

ಕರಪತ್ರದಲ್ಲಿ ‘ಭಾರತೀಯ ಊಟ’ ಎಂದು ಇದ್ದರೂ ಸಾಮಾನ್ಯವಾಗಿ ಕಂಪನಿ ಜೊತೆಗೆ ಅಡುಗೆಯವರನ್ನು ಕರೆದೊಯ್ಯುವುದಿಲ್ಲ. ಊರೂರಿನ ಭಾರತೀಯ ಹೋಟೆಲುಗಳೊಂದಿಗೆ ತಲೆಗಿಷ್ಟು ಎಂದು ಒಪ್ಪಂದವಿರುತ್ತದೆ. ಒಂದು ಬಸ್ಸು ಏಳುವ ಹೊತ್ತಿಗೆ ಇನ್ನೊಂದು ಬಸ್ಸು ಬಾಗಿಲಲ್ಲಿ ನಿಂತಿರುತ್ತದೆ. ಅಂಥ ಅಡುಗೆಮನೆಯಲ್ಲಿ ಪ್ರತಿ ಪಲ್ಯಕ್ಕೂ ಮೊದಲಿನಿಂದ ಮಸಾಲೆ ಅರೆಯುವುದಿಲ್ಲ. ಬೆಳಿಗ್ಗೆಯೇ ಎರಡು ಮೂರು ಪಾತ್ರೆ ಗ್ರೇವಿ ಮಾಡಿಟ್ಟಿರುತ್ತಾರೆ. ಒಂದು ಈರುಳ್ಳಿ–ಟೊಮೆಟೊದ್ದು, ಇನ್ನೊಂದು ಬಿಳಿ ಗ್ರೇವಿ. ಬಿಳಿ ಗ್ರೇವಿ ಎಂದರೆ ಗೋಡಂಬಿ ಅರೆದದ್ದು, ಇಲ್ಲವೇ ಗೋಡಂಬಿ ಮತ್ತು ಕಲ್ಲಂಗಡಿ ಬೀಜ ಸೇರಿಸಿ ಅರೆದದ್ದು. ಪನೀರ್ ಬೆಣ್ಣೆ ಮಸಾಲೆ, ಕೋಫ್ತಾ, ಕೂರ್ಮ ಎಲ್ಲಕ್ಕೂ ಅದು ಬೀಳುತ್ತದೆ. ಖಾರ ಹೆಚ್ಚಾಯಿತೆಂದು ಯಾರಾದರೂ ಗೊಣಗಿದರೆ ದಾಲ್‌ಗೂ ಒಂದು ಸೌಟು ಬೀಳುತ್ತದೆ! ಬಫೆ ಮೇಜಿನ ಮೇಲೆ ಜನ ಕೂರ್ಮದ ಸೌಟನ್ನು ತೆಗೆದು ಅನ್ನದ ಮೇಲೆ ಇಟ್ಟಿರುತ್ತಾರೆ. ಟೂರ್ ಮ್ಯಾನೇಜರ್ ಕೈಯಲ್ಲಿ ನಲವತ್ತೈದು ಜನರ ಪಟ್ಟಿ ಇರುತ್ತದೆ. ಜೈನ ಊಟ, ಸಕ್ಕರೆ ಕಾಯಿಲೆ, ಮಂಡಿನೋವು, ಕಳೆದುಹೋದ ಪಾಸ್‌ಪೋರ್ಟ್ ಎಲ್ಲ ಅದರಲ್ಲೇ. ಆತ ಒಳ್ಳೆಯವನೇ ಆಗಿದ್ದರೂ ಅಡುಗೆಮನೆಯ ಪಾತ್ರೆಯೊಳಗೆ ಏನಿದೆ ಎಂಬುದಕ್ಕೆ ಜವಾಬ್ದಾರಿ ಹೊರಲಾರ.

ಕುಕ್ಕರಹಳ್ಳಿ ಕೆರೆ:
ಸರ್, ಕಂಪನಿಯವರು ‘ಮೊದಲೇ ತಿಳಿಸಿದರೆ ಪ್ರತ್ಯೇಕ ಊಟ ಮಾಡಿಸಿಕೊಡುತ್ತೇವೆ’ ಎಂದು ಫೋನಿನಲ್ಲಿ ಹೇಳಿದ್ದಾರೆ. ಅದನ್ನು ನಂಬಬಹುದಲ್ಲವೇ?

ಬಸ್ಸಿನ ಮುಂದಿನ ಸೀಟು:
ಫೋನಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲಿ ಬರೆದುಕೊಡಿ ಎಂದು ಕೇಳಿ ನೋಡಿ. ‘ಪ್ರಯತ್ನಿಸುತ್ತೇವೆ, ಖಾತರಿ ಇಲ್ಲ’ ಎಂಬ ಉತ್ತರ ಬರುತ್ತದೆ. ಅದು ಮೋಸವೇನಲ್ಲ, ನಿಜ ಪರಿಸ್ಥಿತಿಯೇ ಅದು. ಪ್ರತ್ಯೇಕ ಊಟ ಎಂದರೆ ಅವರ ಪಾಲಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ, ಏಕೆಂದರೆ ಅದು ದಿನವೂ ಬರುವ ಬೇಡಿಕೆ. ಗೋಡಂಬಿ ತಾಗದ ಬಾಣಲೆ, ಗೋಡಂಬಿ ತಾಗದ ಸೌಟು ಎಂಬ ಲೆಕ್ಕ ಬೇರೆ. ಜೈನ ಊಟದಲ್ಲಿ ಈರುಳ್ಳಿ ಇಲ್ಲದ ರುಚಿಯನ್ನು ಸರಿದೂಗಿಸಲು ಗೋಡಂಬಿಯನ್ನು ಇನ್ನೂ ಧಾರಾಳವಾಗಿ ಹಾಕುವವರೂ ಇದ್ದಾರೆ.

ಲಂಡನ್ ವಿದ್ಯಾರ್ಥಿನಿ:
ಮೇಲಿನ ಮಾತಿಗೆ ಒಂದು ಪುರಾವೆ. ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ 2014ರಲ್ಲಿ ಶೇಂಗಾ ಅಲರ್ಜಿ ಇದ್ದ ಒಬ್ಬರು ಭಾರತೀಯ ಶೈಲಿಯ ಹೋಟೆಲಿನಿಂದ ಚಿಕನ್ ಟಿಕ್ಕಾ ಮಸಾಲ ಕಟ್ಟಿಸಿಕೊಂಡು ಹೋಗಿ ಸತ್ತರು. ಬೀಜ ಬೇಡ ಎಂದು ಅವರು ಹೇಳಿದ್ದರು. ಖರ್ಚು ಉಳಿಸಲು ಬಾದಾಮಿ ಪುಡಿಯ ಬದಲು ಶೇಂಗಾ ಬೆರೆತ ಅಗ್ಗದ ಪುಡಿ ಬಳಸಲಾಗುತ್ತಿತ್ತು. ಮಾಲೀಕನಿಗೆ 2016ರಲ್ಲಿ ಆರು ವರ್ಷ ಜೈಲಾಯಿತು. ನಾವು ಯಾವ ಬೀಜ ಎಂದು ವಿಚಾರಿಸುತ್ತೇವೆ, ಸರಬರಾಜುದಾರ ಪೊಟ್ಟಣವನ್ನೇ ಬದಲಿಸಿಬಿಟ್ಟಿರುತ್ತಾನೆ.

ಇಲ್ಲಿ ‘ನತಾಶಾ ನಿಯಮ’ ಎಂದೂ ಒಂದಿದೆ. ಬಾಗೆಟ್ ಬ್ರೆಡ್ಡಿನ ಹಿಟ್ಟಿನಲ್ಲಿದ್ದ ಎಳ್ಳಿನಿಂದ 2016ರಲ್ಲಿ ಹದಿಹರೆಯದ ಹುಡುಗಿಯೊಬ್ಬಳು ತೀರಿಕೊಂಡ ಮೇಲೆ, ಅವಳ ತಂದೆತಾಯಿಯ ಹೋರಾಟದಿಂದ ಬಂದದ್ದು. 2021ರ ಅಕ್ಟೋಬರ್ 1ರಿಂದ, ಅಂಗಡಿಯಲ್ಲೇ ತಯಾರಿಸಿ ಅಲ್ಲೇ ಪೊಟ್ಟಣ ಕಟ್ಟಿಟ್ಟ ಸ್ಯಾಂಡ್‌ವಿಚ್‌ನಂಥವುಗಳ ಮೇಲೂ ಪೂರ್ತಿ ಪದಾರ್ಥಪಟ್ಟಿ ಇರಬೇಕು.

ಪುತ್ತೂರು ಗುಡ್ಡೆ:
ಇಂಗ್ಲೆಂಡಿನ ಆ ಪ್ರಕರಣ ಗೊತ್ತಿರಲಿಲ್ಲ. ಪುಡಿ ಬದಲಿಸುವುದು ಊರಿನಲ್ಲೂ ಇದೆ, ಅದು ನಿಜ. ಗೋಡಂಬಿ ಬೆಲೆ ಏರಿದಾಗ ಕಾಜು ಬರ್ಫಿಗೆ ಏನೇನು ಸೇರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಹಾಸನದ ಹಿರಿಯ:
ನಾನು ಎಪ್ಪತ್ತು ದಾಟಿದವನು. ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಇರಲಿಲ್ಲ. ಹೊಲದಲ್ಲೇ ಹಸಿ ಕಡಲೆಕಾಯಿ ಕಿತ್ತು ತಿಂದು ಬೆಳೆದೆವು. ದಿನಕ್ಕೆ ಒಂದು ಚೂರು ಕೊಡುತ್ತಾ ಬಂದರೆ ಮೈಗೆ ಒಗ್ಗಿಹೋಗುತ್ತದೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಬೇಡಿ, ತಾಯೀ. ತಪ್ಪು ತಿಳಿಯಬೇಡಿ.

ಧಾರವಾಡದ ಮಕ್ಕಳ ವೈದ್ಯ:
ಹಿರಿಯರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಮಗುವಿನ ಜೀವಕ್ಕೆ ಕುತ್ತು. 2015ರಲ್ಲಿ ಲಂಡನ್ನಿನಿಂದ ‘ಲೀಪ್’ ಎಂಬ ಅಧ್ಯಯನ ಪ್ರಕಟವಾಯಿತು. ಅಲರ್ಜಿ ಬರುವ ಸಾಧ್ಯತೆ ಹೆಚ್ಚಿದ್ದ 640 ಹಸುಗೂಸುಗಳನ್ನು, ನಾಲ್ಕರಿಂದ ಹನ್ನೊಂದು ತಿಂಗಳ ವಯಸ್ಸಿನವರನ್ನು, ತೆಗೆದುಕೊಂಡಿದ್ದರು. ಆ ವಯಸ್ಸಿನಿಂದಲೇ ಶೇಂಗಾ ತಿಂದ ಮಕ್ಕಳಲ್ಲಿ ಐದು ವರ್ಷದ ಹೊತ್ತಿಗೆ ಅಲರ್ಜಿ ತುಂಬಾ ಕಡಿಮೆ ಕಂಡಿತು. ಅದು ಅಲರ್ಜಿ ಬಾರದಂತೆ ತಡೆಯುವ ಮಾತು. ಈಗಾಗಲೇ ಅನಾಫಿಲಾಕ್ಸಿಸ್ ಆಗಿರುವ ಒಂಬತ್ತು ವರ್ಷದ ಮಗುವಿಗೆ ಮನೆಯಲ್ಲಿ ಚೂರು ಕೊಟ್ಟು ಪರೀಕ್ಷಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸುವ ಚಿಕಿತ್ಸೆಯೂ ಇದೆ. ಶೇಂಗಾ ಪುಡಿಯ ಔಷಧವೊಂದಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿಯೂ ಮೊದಲ ಡೋಸನ್ನೂ ಪ್ರತಿ ಏರಿಕೆಯ ಡೋಸನ್ನೂ ವೈದ್ಯರ ಕಣ್ಣೆದುರೇ ಕೊಡಬೇಕು. ಪ್ರವಾಸದ ಹೊಸ್ತಿಲಲ್ಲಿ ಅಂಥದ್ದನ್ನು ಶುರು ಮಾಡುವವರೂ ಇಲ್ಲ.

ಇನ್ನು ಅಕ್ಕನವರು ಕೇಳಿದ ಇಂಜೆಕ್ಷನ್ ವಿಷಯ. ಇದು ಸಾಮಾನ್ಯ ಮಾಹಿತಿ, ಮಗುವನ್ನು ನೋಡಿರುವ ವೈದ್ಯರ ಮಾತೇ ಅಂತಿಮ. ಅನಾಫಿಲಾಕ್ಸಿಸ್‌ಗೆ ಮೊದಲ ಔಷಧ ಅಡ್ರಿನಲಿನ್, ತೊಡೆಯ ಹೊರಭಾಗದ ನಡುವಿನ ಸ್ನಾಯುವಿಗೆ. ನಮ್ಮ ಮನೆಗಳಲ್ಲಿ ಮೊದಲು ಸೆಟಿರಿಜಿನ್ ಎಂಬ ಅಲರ್ಜಿಯ ಮಾತ್ರೆ ಕೊಟ್ಟು, ‘ಕಡಿಮೆಯಾಗುತ್ತದೆಯೋ ನೋಡೋಣ’ ಎಂದು ಕಾಯುತ್ತಾರೆ. ಸೆಟಿರಿಜಿನ್ ತುರಿಕೆಗೆ ಆದೀತು, ಕಟ್ಟಿದ ಉಸಿರನ್ನೂ ಕುಸಿದ ರಕ್ತದೊತ್ತಡವನ್ನೂ ಅದು ಎತ್ತುವುದಿಲ್ಲ. ಆಟೊ ಇಂಜೆಕ್ಟರ್, ಅಂದರೆ ಜನ ‘ಪೆನ್’ ಎನ್ನುವುದು, ಸಾಮಾನ್ಯವಾಗಿ 0.15 ಮತ್ತು 0.3 ಮಿಲಿಗ್ರಾಂ ಎಂಬ ಎರಡು ಅಳತೆಯಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ 15ರಿಂದ 30 ಕಿಲೋ ತೂಕಕ್ಕೆ ಚಿಕ್ಕದು ಎಂದಿರುತ್ತದೆ. 25 ಕಿಲೋ ದಾಟಿದವರಿಗೆ ದೊಡ್ಡದೇ ಸರಿ ಎನ್ನುವ ತಜ್ಞರ ಮಾರ್ಗಸೂಚಿಗಳೂ ಇವೆ. ಮಗಳು 26 ಕಿಲೋ ಇರುವುದರಿಂದ ಈ ಪ್ರಶ್ನೆಯನ್ನು ನಿಮ್ಮ ವೈದ್ಯರಿಗೆ ಕೇಳಲೇಬೇಕು. ಯಾವಾಗಲೂ ಎರಡು ಪೆನ್ ಇರಲಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದನ್ನು ಕೊಡಬೇಕಾಗುತ್ತದೆ.

ನಮ್ಮಲ್ಲಿ ಈ ಪೆನ್ ಮೂಲೆಯ ಔಷಧದಂಗಡಿಯಲ್ಲಿ ಸಿಗುವುದಿಲ್ಲ. ಹಲವರು ಹೊರದೇಶದಿಂದ ತರಿಸಿಕೊಳ್ಳುತ್ತಾರೆ, ಉಳಿದವರು ಆಂಪ್ಯೂಲ್, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆ, ಮತ್ತು ಸಿರಿಂಜ್ ಇಟ್ಟುಕೊಳ್ಳುತ್ತಾರೆ. ಆಂಪ್ಯೂಲ್‌ನಲ್ಲಿ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುತ್ತದೆ, ಮಕ್ಕಳಿಗೆ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ. ಲೆಕ್ಕ ಸುಲಭ. ಆದರೆ ಮಗು ಎದುರಿಗೆ ಉಸಿರಿಗಾಗಿ ಒದ್ದಾಡುವಾಗ ಗಾಜು ಮುರಿದು, ಅಷ್ಟೇ ಅಳತೆ ಎಳೆದುಕೊಳ್ಳುವುದು ನುರಿತ ಕೈಗೂ ಕಷ್ಟ. ಆದ್ದರಿಂದ ಸಾಧ್ಯವಿದ್ದರೆ ಪೆನ್.

ನೆಕ್ಕಾರ್ ದಂಡೆ:
ಡಾಕ್ಟರೇ, ಒಂದು ಸೇರಿಸುತ್ತೇನೆ. ಭಾರತದ ವೈದ್ಯರ ಚೀಟಿ ಇಲ್ಲಿನ ಔಷಧದಂಗಡಿಯಲ್ಲಿ ನಡೆಯುತ್ತದೆ ಎಂದು ನಂಬಿಕೊಂಡು ಬರಬೇಡಿ. ತಂಗಿ ಇಲ್ಲೇ ಇರುವುದು ಅನುಕೂಲ. ಅವರ ಪರಿಚಯದ ಮಕ್ಕಳ ವೈದ್ಯರಲ್ಲಿ ಖಾಸಗಿ ಶುಲ್ಕ ಕೊಟ್ಟು ಮಗುವನ್ನು ತೋರಿಸಿದರೆ ಅವರೇ ಬರೆದುಕೊಡಬಹುದು. ಬಂದ ಮೊದಲ ವಾರದಲ್ಲೇ, ಇಟಲಿಗೆ ಹೊರಡುವ ಮುಂಚೆಯೇ ಈ ಕೆಲಸ ಮುಗಿಸಿ.

ಹಾಸನದ ಹಿರಿಯ:
ಡಾಕ್ಟರರು ಹೇಳಿದ ಮೇಲೆ ನಾನು ವಾದ ಮಾಡುವುದಿಲ್ಲ. ಆದರೆ ಮೂಗಿಗೆ ಸಿಂಪಡಿಸುವ ಔಷಧ ಬಂದಿದೆಯೆಂದು ಮೊಮ್ಮಗ ಹೇಳಿದ. ಸೂಜಿ ಇಲ್ಲದ್ದು. ಅದು ನಿಜವೇ?

ಧಾರವಾಡದ ಮಕ್ಕಳ ವೈದ್ಯ:
ನಿಜ. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲೂ ಐರೋಪ್ಯ ಒಕ್ಕೂಟದಲ್ಲೂ ಅಡ್ರಿನಲಿನ್‌ನ ಮೂಗಿನ ಸ್ಪ್ರೇಗೆ ಅನುಮತಿ ಸಿಕ್ಕಿತು. ಮೊದಲು ಬಂದದ್ದು 30 ಕಿಲೋ ಮತ್ತು ಮೇಲ್ಪಟ್ಟವರಿಗೆ. ಅದಕ್ಕಿಂತ ಕಡಿಮೆ ತೂಕದ ಮಕ್ಕಳ ಅಳತೆಗೆ 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಈ ಮಗುವಿಗೆ ಅದು ಹೊಂದುತ್ತದೆಯೇ ಎಂದು ಸ್ಟುಟ್‌ಗಾರ್ಟ್‌ನ ವೈದ್ಯರೇ ಹೇಳಲಿ.

ಮತ್ತೆ ಎರಡು ಮಾತು. ಇಂಜೆಕ್ಷನ್ ಕೊಟ್ಟ ಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ತೀರಾ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಬಹುದು. ಎಬ್ಬಿಸಿ ನಡೆಸಿಕೊಂಡು ಶೌಚಾಲಯಕ್ಕೋ ಕಾರಿಗೋ ಹೋಗಬೇಡಿ. ಹಠಾತ್ತನೆ ನಿಂತಾಗಲೇ ಕುಸಿದು ಪ್ರಾಣ ಹೋದ ಪ್ರಕರಣಗಳಿವೆ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವರಲ್ಲಿ ಕೆಲವು ಗಂಟೆಗಳ ನಂತರ ಮತ್ತೊಂದು ಅಲೆ ಬರುತ್ತದೆ. ಮಗಳಿಗೆ ಆಸ್ತಮಾ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಹೊರಡುವ ಮುಂಚೆ ಅದು ಪೂರ್ತಿ ಹತೋಟಿಯಲ್ಲಿರಬೇಕು. ಆಸ್ತಮಾ ಹತೋಟಿ ತಪ್ಪಿದ ಮಕ್ಕಳಲ್ಲೇ ಅಲರ್ಜಿಯ ಹೊಡೆತ ಘೋರವಾಗುವುದು.

ಕುಕ್ಕರಹಳ್ಳಿ ಕೆರೆ:
ಚಳಿಗಾಲದಲ್ಲಿ ಸ್ವಲ್ಪ ಗೊರಗೊರ ಇರುತ್ತದೆ, ಇನ್‌ಹೇಲರ್ ಇದೆ. ತೋರಿಸುತ್ತೇನೆ ಡಾಕ್ಟರೇ. ವಿಮಾನದ ವಿಷಯ ಯಾರೂ ಹೇಳಲಿಲ್ಲ. ದುಬೈ ಮೂಲಕ ಟಿಕೆಟ್ ನೋಡುತ್ತಿದ್ದೇವೆ. ನನಗೆ ರಾತ್ರಿ ನಿದ್ದೆ ಕೆಡಿಸುವುದು ಅದೇ.

ದೇರಾ ನಿವಾಸಿ:
ದುಬೈಯಿಂದ ಉತ್ತರಿಸುತ್ತಿದ್ದೇನೆ. ನನ್ನ ಮಗನಿಗೆ ಎಳ್ಳು ಆಗುವುದಿಲ್ಲ. ಹಮ್ಮುಸ್, ತಾಹಿನಿ, ಹಲ್ವಾ ಎಲ್ಲದರಲ್ಲೂ ಎಳ್ಳೇ ಇರುವ ಊರಿನಲ್ಲಿ ಹೇಗಿದ್ದೇವೆ ಎಂದು ಊಹಿಸಿಕೊಳ್ಳಿ.

ಜನ ವಿಮಾನದಲ್ಲಿ ಹೆದರುವುದು ಗಾಳಿಗೆ. ಹೆದರಬೇಕಾದದ್ದು ಟ್ರೇಗೆ. ಪಕ್ಕದವರು ಶೇಂಗಾ ಪೊಟ್ಟಣ ಬಿಚ್ಚಿದರೆ ಅದರ ಪ್ರೋಟೀನು ಗಾಳಿಯಲ್ಲಿ ತೇಲಿ ಬಂದು ಉಸಿರಿಗೆ ಸೇರುವುದು ತೀರಾ ಅಪರೂಪ. ಕ್ಯಾಬಿನ್ ಗಾಳಿ ಮೇಲಿನಿಂದ ಕೆಳಕ್ಕೆ ಹರಿದು, ಸೂಕ್ಷ್ಮ ಶೋಧಕಗಳ ಮೂಲಕ ಹಾದು ಬರುತ್ತದೆ. ಆದರೆ ಹಿಂದಿನ ಪ್ರಯಾಣಿಕ ಶೇಂಗಾ ತಿಂದ ಕೈಯಿಂದ ಟ್ರೇ, ಸೀಟಿನ ಕೈಯಿಡುವ ಪಟ್ಟಿ, ಪರದೆಯನ್ನೆಲ್ಲ ಮುಟ್ಟಿರುತ್ತಾನೆ. ಮಗು ಅದನ್ನು ಮುಟ್ಟಿ ಕೈ ಬಾಯಿಗೆ ಹಾಕುತ್ತದೆ. ಕೂರುವ ಮುಂಚೆ ಒದ್ದೆ ಟಿಶ್ಯೂವಿನಿಂದ ಚೆನ್ನಾಗಿ ಒರೆಸಿ. ಕೇಳಿಕೊಂಡರೆ ಬೇರೆಯವರಿಗಿಂತ ಮೊದಲು ಹತ್ತಲು ಬಿಡುತ್ತಾರೆ. ಕೈಗೆ ಸ್ಯಾನಿಟೈಸರ್ ಸಾಲದು, ಅದು ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ. ಸೋಪು ಮತ್ತು ನೀರು, ಇಲ್ಲವೇ ಒದ್ದೆ ಟಿಶ್ಯೂ. ಕೊರೋನಾ ಕಾಲದ ಅಭ್ಯಾಸದಿಂದ ಎಲ್ಲರೂ ಇದನ್ನು ಮರೆಯುತ್ತಾರೆ.

‘ಬೀಜರಹಿತ ವಿಮಾನ’ ಎಂದು ಯಾವ ಕಂಪನಿಯೂ ಖಾತರಿ ಕೊಡುವುದಿಲ್ಲ, ಕೊಟ್ಟರೆ ನಂಬಲೂಬೇಡಿ. ಟಿಕೆಟ್ ಮಾಡುವಾಗಲೇ ತಿಳಿಸಿ, ಹತ್ತಿದ ಮೇಲೆ ಸಿಬ್ಬಂದಿಗೆ ಮತ್ತೆ ಹೇಳಿ, ಅಕ್ಕಪಕ್ಕದ ಸಾಲಿನವರಿಗೆ ನೀವೇ ವಿನಂತಿಸಿ. ಹೆಚ್ಚಿನವರು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ವಿಮಾನದ ಊಟವನ್ನು ಮಗುವಿಗೆ ಕೊಡಲೇಬೇಡಿ. ‘ಏಷ್ಯನ್ ಸಸ್ಯಾಹಾರಿ’ ಊಟದ ಪನೀರ್ ಗ್ರೇವಿಯೂ ಮೇಲಿನ ಸರ್ ಹೇಳಿದ ಗ್ರೇವಿಯ ಬಂಧುವೇ. ಪೆನ್‌ಗಳು ಕೈಚೀಲದಲ್ಲಿ, ಅದೂ ಸೀಟಿನ ಕೆಳಗೆ ಇಡುವ ಚೀಲದಲ್ಲಿ ಇರಲಿ. ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಬೇಡ, ಲಗೇಜಿಗಂತೂ ಹಾಕಲೇಬೇಡಿ. ಮೂಲ ಡಬ್ಬಿ, ಇಂಗ್ಲಿಷಿನಲ್ಲಿ ವೈದ್ಯರ ಪತ್ರ, ಸಿರಿಂಜ್ ಇದ್ದರೆ ಪತ್ರದಲ್ಲಿ ಅದರ ಉಲ್ಲೇಖ, ಇಷ್ಟಿದ್ದರೆ ಭದ್ರತಾ ತಪಾಸಣೆಯಲ್ಲಿ ನಮಗೆ ತೊಂದರೆಯಾಗಿಲ್ಲ. ಅಡ್ರಿನಲಿನ್‌ಗೆ ಬಿಸಿಲೂ ಆಗದು, ಫ್ರಿಜ್ಜೂ ಆಗದು. 20ರಿಂದ 25 ಡಿಗ್ರಿ ಅದಕ್ಕೆ ಹಿತ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕಾರವಾರ ಕಡಲು:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾವು ಥಾಯ್ಲೆಂಡಿಗೆ ಹೋಗುವವರು, ನನ್ನ ತಮ್ಮನಿಗೂ ಶೇಂಗಾ ಅಲರ್ಜಿ. ಅಲ್ಲಿಗೂ ಇದೇ ಸಲಹೆಯೇ?

ದೇರಾ ನಿವಾಸಿ:
ಥಾಯ್ಲೆಂಡ್ ಬೇರೆಯೇ ಕತೆ. ಪ್ಯಾಡ್ ಥಾಯ್, ಸಾತೆ, ಮಸ್ಸಮನ್ ಕರಿ ಇವುಗಳಲ್ಲಿ ಶೇಂಗಾ ಇರುವುದು ಗೊತ್ತಿರುವ ವಿಷಯ. ಗೊತ್ತಾಗದ್ದು ಒರಳಿನದು. ಹಸಿ ಪಪ್ಪಾಯಿಯ ಸೋಮ್ ತಮ್ ಎಂಬ ಕೋಸಂಬರಿಯನ್ನು ಒರಳಿನಲ್ಲಿ ಕುಟ್ಟಿ ಕೊಡುತ್ತಾರೆ. ನಿಮಗೆ ಶೇಂಗಾ ಹಾಕದೆ ಕೊಟ್ಟರೂ ಹಿಂದಿನ ಗಿರಾಕಿಗೆ ಕುಟ್ಟಿದ ಶೇಂಗಾ ಅದೇ ಒರಳಿನಲ್ಲಿರುತ್ತದೆ. ಬೀದಿಬದಿಯ ಬಾಣಲೆಯೂ ಹಾಗೆಯೇ. ಥಾಯ್ ಲಿಪಿಯಲ್ಲಿ ಬರೆದ ಚೀಟಿ ಬೇಕೇ ಬೇಕು. ಅನುವಾದದ ಆ್ಯಪ್ ಕೊಟ್ಟದ್ದನ್ನು ಆ ಭಾಷೆ ಬಲ್ಲವರೊಬ್ಬರಿಗೆ ತೋರಿಸಿದ ಮೇಲೆಯೇ ಮುದ್ರಿಸಿ. ಅಲ್ಲಿನ ಆಂಬುಲೆನ್ಸ್ ಸಂಖ್ಯೆ 1669. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಮೇಡಂ ಅವರ ವಿಷಯ ಹಳಿ ತಪ್ಪುತ್ತದೆ.

ನೆಕ್ಕಾರ್ ದಂಡೆ:
ಚೀಟಿಯ ವಿಷಯ ಬಂದದ್ದು ಒಳ್ಳೆಯದಾಯಿತು. ಜರ್ಮನ್ ಮತ್ತು ಇಟಾಲಿಯನ್ ಎರಡರಲ್ಲೂ ಮಾಡಿಸಿ, ಜರ್ಮನ್‌ನದನ್ನು ತಂಗಿಯೇ ಬರೆಯಬಹುದು. ‘ಅಲರ್ಜಿ ಇದೆ’ ಎಂದಷ್ಟೇ ಬರೆದರೆ ಸಾಲದು. ಶೇಂಗಾ, ಗೋಡಂಬಿ, ಪಿಸ್ತಾ ತಿಂದರೆ ಜೀವಕ್ಕೆ ಅಪಾಯ, ಅದೇ ಎಣ್ಣೆ, ಅದೇ ಚಮಚ, ಅದೇ ಹಲಗೆ ಕೂಡ ಆಗುವುದಿಲ್ಲ, ಖಚಿತವಿಲ್ಲದಿದ್ದರೆ ‘ಇಲ್ಲ’ ಎಂದು ಹೇಳಿಬಿಡಿ, ನಮಗೆ ಬೇಸರವಿಲ್ಲ ಎಂದು ಬರೆಯಿರಿ. ಈ ಕೊನೆಯ ಮಾತು ಮುಖ್ಯ. ಅಡುಗೆಯವನಿಗೆ ನಿರಾಕರಿಸಲು ದಾರಿ ಮಾಡಿಕೊಟ್ಟರೆ ಅವನು ಸುಳ್ಳು ಹೇಳುವ ಸಂದರ್ಭ ಬರುವುದಿಲ್ಲ.

ಪಿಸ್ತಾವನ್ನು ಏಕೆ ಸೇರಿಸಿದೆನೆಂದರೆ ಗೋಡಂಬಿ ಆಗದವರಲ್ಲಿ ಬಹಳ ಮಂದಿಗೆ ಪಿಸ್ತಾ ಕೂಡ ಆಗುವುದಿಲ್ಲ, ಎರಡೂ ಒಂದೇ ಸಸ್ಯಕುಟುಂಬದವು. ಇಟಲಿಯ ಜೆಲಾಟೊ ಅಂಗಡಿಯಲ್ಲಿ ಪಿಸ್ತಾ ತಟ್ಟೆಯಿಂದ ತೆಗೆದ ಸೌಟೇ ಮಾವಿನ ತಟ್ಟೆಗೂ ಹೋಗುತ್ತದೆ. ಮಗಳಿಗೆ ಐಸ್‌ಕ್ರೀಮ್ ಬೇಕೇ ಬೇಕೆಂದರೆ ಲೇಬಲ್ ಓದಿ ಪೊಟ್ಟಣದ್ದು ಕೊಡಿಸಿ. ಪೆಸ್ಟೊ ಎಂಬ ಹಸಿರು ಚಟ್ನಿ ಇದೆ. ಪೈನ್ ಬೀಜದಿಂದ ಮಾಡುವುದು ಸಂಪ್ರದಾಯ, ಆದರೆ ಬಾಟಲಿಯಲ್ಲಿ ಬರುವ ಹಲವು ಪೆಸ್ಟೊಗಳಲ್ಲಿ ಇರುವುದು ಗೋಡಂಬಿ. ಸಸ್ಯಾಹಾರಿಗಳಾದ ನಮಗೆ ಇನ್ನೊಂದು ಬಲೆ ‘ವೀಗನ್’ ಎಂಬ ಹಸಿರು ಗುರುತು. ವೀಗನ್ ಚೀಸ್, ವೀಗನ್ ಕೆನೆ ಎಂದರೆ ಎಷ್ಟೋ ಸಲ ಗೋಡಂಬಿಯೇ. ಮಗುವಿಗೆ ಹಾಲು ಆಗುತ್ತದಾದರೆ ಸಾದಾ ಹಾಲಿನ ಚೀಸ್ ಇರುವ ಪಿಜ್ಜಾವೇ ವಾಸಿ. ಲುಪಿನ್ ಹಿಟ್ಟನ್ನೂ ನೋಡಿಕೊಳ್ಳಿ, ಶೇಂಗಾ ಅಲರ್ಜಿಯ ಕೆಲವರಿಗೆ ಅದೂ ತಾಗುತ್ತದೆ. ‘ಕುರುಹು ಇರಬಹುದು’ ಎಂಬ ಎಚ್ಚರಿಕೆಯ ಸಾಲು ಮಾತ್ರ ಐಚ್ಛಿಕ. ಅದು ಇಲ್ಲ ಎಂದ ಮಾತ್ರಕ್ಕೆ ಕಾರ್ಖಾನೆಯಲ್ಲಿ ಶೇಂಗಾ ಇಲ್ಲ ಎಂದಲ್ಲ.

ಲಂಡನ್ ವಿದ್ಯಾರ್ಥಿನಿ:
ಅಕ್ಕಾ, ಇನ್ನೊಂದು ವಿಷಯ. ಚೀಟಿಯನ್ನು ಮಗಳ ಕೈಗೇ ಕೊಟ್ಟು ಅವಳೇ ತೋರಿಸಲಿ. ನನ್ನ ವಯಸ್ಸಿನ ನಮ್ಮೂರಿನ ಹುಡುಗ ಹುಡುಗಿಯರು ಗೆಳೆಯರ ಮುಂದೆ ಅಲರ್ಜಿ ಎನ್ನಲು ನಾಚಿಕೊಳ್ಳುತ್ತಾರೆ, ಪೆನ್ ಕೋಣೆಯಲ್ಲೇ ಬಿಟ್ಟು ಬರುತ್ತಾರೆ. ಹದಿಹರೆಯದವರಲ್ಲೂ ಯುವಕ ಯುವತಿಯರಲ್ಲೂ ಅಪಾಯ ಹೆಚ್ಚಾಗಲು ಅದೂ ಒಂದು ಕಾರಣ. ಮನೆಯಲ್ಲಿ ‘ಯಾರಾದರೂ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಬಾರದು’ ಎಂದು ಕಲಿಸಿರುತ್ತಾರಲ್ಲ, ಒಂಬತ್ತು ವರ್ಷಕ್ಕೇ ಅದನ್ನು ಬಿಡಿಸಬೇಕು. ಗುಂಪು ಪ್ರವಾಸದಲ್ಲಿ ಪ್ರತಿಯೊಬ್ಬ ಅಜ್ಜಿಯ ಚೀಲದಲ್ಲೂ ಚಿಕ್ಕಿ ಇರುತ್ತದೆ.

ಬಸ್ಸಿನ ಮುಂದಿನ ಸೀಟು:
ಚಿಕ್ಕಿ ಮಾತ್ರವಲ್ಲ. ಖಾರದ ಕಡಲೆಬೀಜ, ಚುರುಮುರಿ, ಅವಲಕ್ಕಿ ಮಿಶ್ರಣ, ಶೇಂಗಾ ಚಟ್ನಿಪುಡಿ. ಆಲ್ಪ್ಸ್ ಹತ್ತುವ ಬಸ್ಸಿನಲ್ಲಿ ಡಬ್ಬಿಗಳು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಕೈಯಿಂದ ಕೈಗೆ ಹೋಗುತ್ತವೆ. ಬೇಡವೆಂದು ತಡೆಯಲು ನನಗೂ ಆಗಿಲ್ಲ.

ಕುಕ್ಕರಹಳ್ಳಿ ಕೆರೆ:
ಎಲ್ಲವನ್ನೂ ಯಜಮಾನರಿಗೂ ಅತ್ತೆಗೂ ಓದಿ ಹೇಳಿದೆ. ಗುಂಪು ಪ್ರವಾಸ ಬೇಡ ಎಂದು ತೀರ್ಮಾನವಾಯಿತು. ಚಟ್ನಿಪುಡಿ ಡಬ್ಬಿಯ ಮಾತು ಬಂದಾಗ ಅತ್ತೆಯವರೇ ‘ಹೌದು, ನಾನೂ ಹಂಚುತ್ತಿದ್ದೆ’ ಎಂದರು. ತಂಗಿಯ ಮನೆಯಲ್ಲೇ ಹೆಚ್ಚು ದಿನ ಇದ್ದು, ಸ್ವಿಟ್ಜರ್ಲೆಂಡಿನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ರೈಲಿನಲ್ಲಿ ಓಡಾಡುತ್ತೇವೆ. ಇಟಲಿ ಮುಂದಿನ ಸಲಕ್ಕೆ. ಈಗ ಅಡುಗೆ ಸಾಮಾನಿನ ಪ್ರಶ್ನೆ. ಇಲ್ಲಿಂದ ಏನೇನು ಒಯ್ಯಬಹುದು? ತುಪ್ಪ, ಹಾಲಿನ ಪುಡಿ, ಪೇಡ, ಪುಳಿಯೋಗರೆ ಗೊಜ್ಜು?

ನೆಕ್ಕಾರ್ ದಂಡೆ:
ತುಪ್ಪ, ಹಾಲಿನ ಪುಡಿ, ಪೇಡ, ಪನೀರ್ ಯಾವುದೂ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ತರುವಂತಿಲ್ಲ, ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ. ಹಾಲು, ಬೆಣ್ಣೆ, ಮೊಸರು ಇಲ್ಲೇ ಚೆನ್ನಾಗಿ ಸಿಗುತ್ತವೆ, ಬೆಣ್ಣೆ ಕಾಯಿಸಿದರೆ ತುಪ್ಪ. ಅವಲಕ್ಕಿ, ರವೆ, ಸಾರಿನ ಪುಡಿ, ಒಣಮೆಣಸು ತನ್ನಿ. ಪುಡಿಗಳನ್ನು ಮನೆಯಲ್ಲೇ, ಶೇಂಗಾ ತಾಗದ ಮಿಕ್ಸರ್ ಜಾರಿನಲ್ಲಿ ಮಾಡಿ. ಗೊಜ್ಜಿಗೂ ಅದೇ ಮಾತು, ಶೇಂಗಾ ಹುರಿದ ಬಾಣಲೆಯಲ್ಲಿ ಮಾಡಬೇಡಿ. ಗೊಜ್ಜು ಲಗೇಜಿನಲ್ಲಿರಲಿ, ಕೈಚೀಲದಲ್ಲಿ ನೂರು ಮಿಲಿಲೀಟರಿನ ಮಿತಿಗೆ ಸಿಕ್ಕಿಬೀಳುತ್ತದೆ.

ದೇರಾ ನಿವಾಸಿ:
ಎಣ್ಣೆಯ ಬಗ್ಗೆ ಎಚ್ಚರ. ಈಚೆಗೆ ಎಲ್ಲರ ಮನೆಯಲ್ಲೂ ಗಾಣದ ಶೇಂಗಾ ಎಣ್ಣೆ. ಪೂರ್ತಿ ಸಂಸ್ಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಉಳಿದಿರುವುದಿಲ್ಲ, ಗಾಣದ್ದರಲ್ಲಿ ಉಳಿದಿರುತ್ತದೆ. ನೆಂಟರು ಪ್ರಯಾಣಕ್ಕೆಂದು ಮಾಡಿಕೊಡುವ ಚಕ್ಕುಲಿ, ಕೋಡುಬಳೆಯನ್ನು ಯಾವ ಎಣ್ಣೆಯಲ್ಲಿ ಕರಿದರು ಎಂದು ಕೇಳಿ.

ಇನ್ನೊಂದು, ಭಾರತದ ಪೊಟ್ಟಣಗಳ ಮೇಲೆ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಶೇಂಗಾ, ಮರಬೀಜ ಇವೆ, ಎಳ್ಳು ಮತ್ತು ಸಾಸಿವೆ ಇಲ್ಲ. ನಿಮಗೆ ತೊಂದರೆಯಿಲ್ಲ, ಎಳ್ಳಿನ ಅಲರ್ಜಿಯವರು ಯಾರಾದರೂ ಓದುತ್ತಿದ್ದರೆ ಗಮನಿಸಲಿ.

ಕುಕ್ಕರಹಳ್ಳಿ ಕೆರೆ:
ಕೊನೆಯ ಪ್ರಶ್ನೆಗಳು. ಪ್ರಯಾಣ ವಿಮೆಯಲ್ಲಿ ಅಲರ್ಜಿಯನ್ನು ಬರೆಯಬೇಕೇ? ಏಜೆಂಟ್ ‘ಬರೆದರೆ ಪ್ರೀಮಿಯಂ ಏರುತ್ತದೆ, ಬಿಡಿ’ ಎನ್ನುತ್ತಿದ್ದಾರೆ. ಮತ್ತು ಬಾಡಿಗೆ ಮನೆಯ ಪಾತ್ರೆ ಬಳಸಬಹುದೇ, ಕುಕ್ಕರ್ ಹೊತ್ತು ತರಬೇಕೇ?

ಬಸ್ಸಿನ ಮುಂದಿನ ಸೀಟು:
ಬರೆಯಲೇಬೇಕು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟರು ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಬಿಲ್ಲನ್ನು ತಳ್ಳಿಹಾಕಿದ್ದು ನನ್ನ ಗುಂಪುಗಳಲ್ಲೇ ನಡೆದಿದೆ. ಬರೆದ ಮೇಲೆ ಜೀವಾಪಾಯದ ತುರ್ತಿಗೆ ಅವರು ಎಷ್ಟು ಕೊಡುತ್ತಾರೆ ಎಂಬ ಸಾಲನ್ನು ಪಾಲಿಸಿಯಲ್ಲೇ ಹುಡುಕಿ ಓದಿ, ಏಜೆಂಟರ ಬಾಯಿಮಾತು ಬೇಡ. ತುರ್ತು ಸಂಖ್ಯೆ ಯುರೋಪಿನೆಲ್ಲೆಡೆ 112, ಸ್ವಿಟ್ಜರ್ಲೆಂಡಿನ ಆಂಬುಲೆನ್ಸ್ 144. ಎರಡನ್ನೂ ಮಗಳಿಗೂ ಬಾಯಿಪಾಠ ಮಾಡಿಸಿ.

ನೆಕ್ಕಾರ್ ದಂಡೆ:
ಕುಕ್ಕರ್ ತಂಗಿಯ ಮನೆಯಿಂದಲೇ ರೈಲಿನಲ್ಲಿ ಒಯ್ಯಿರಿ. ಬಾಡಿಗೆ ಮನೆಯ ಸ್ಟೀಲ್ ಪಾತ್ರೆ, ತಟ್ಟೆಗಳನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದು ಬಳಸಬಹುದು. ಅಲ್ಲಿರುವ ಸ್ಪಾಂಜ್‌ನಿಂದ ಮಾತ್ರ ತೊಳೆಯಬೇಡಿ, ಮೊದಲ ದಿನವೇ ಹೊಸದು ಕೊಳ್ಳಿ. ಮರದ ಸೌಟು, ಮರದ ಹಲಗೆ, ಟೋಸ್ಟರ್ ಮುಟ್ಟಬೇಡಿ. ಸ್ವಿಟ್ಜರ್ಲೆಂಡಿನ ಪ್ಲಗ್ ಜರ್ಮನಿಯದಕ್ಕಿಂತ ಬೇರೆ, ಎಲೆಕ್ಟ್ರಿಕ್ ಕುಕ್ಕರ್ ಆದರೆ ಅಡಾಪ್ಟರ್ ಕೇಳಿ ತೆಗೆದುಕೊಳ್ಳಿ. ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ಇಲ್ಲಿ ಒಂದು ಸಂದೇಶ ಹಾಕಿ. ನಾನು ಲೇಬಲ್ ಓದಿ ಓದಿ ಆರಿಸಿಕೊಂಡ ಬಿಸ್ಕತ್ತು, ಬ್ರೆಡ್ಡುಗಳ ಪಟ್ಟಿ ಕಳಿಸುತ್ತೇನೆ. ಆದರೂ ಕೊಳ್ಳುವ ಮುಂಚೆ ನೀವೂ ಓದಿ, ತಯಾರಕರು ಪದಾರ್ಥ ಬದಲಿಸುವಾಗ ಯಾರಿಗೂ ಹೇಳಿ ಬದಲಿಸುವುದಿಲ್ಲ.